ಈಡಿನ ಅಳತೆ

ಪ್ರಾಣ ಕಾಯಲು ಆಯುಧ ಹಿಡಿದವನು ಎಷ್ಟು ಬಲ ಬಳಸಬಹುದು ಎಂಬುದು ಹಳೆಯ ಧರ್ಮಪ್ರಶ್ನೆ. ಕತ್ತಿ, ದೊಣ್ಣೆಗಳ ವಿಷಯದಲ್ಲಿ ಉತ್ತರ ಅಂದಾಜಿನದು, ಹೊಡೆತದ ಬಿರುಸು ತೋಳನ್ನೂ ಸಿಟ್ಟನ್ನೂ ಅವಲಂಬಿಸಿರುತ್ತದೆ. ರಿವಾಲ್ವರಿನಲ್ಲಿ ಹಾಗಲ್ಲ. ಗುಂಡಿನ ತೂಕ, ಮದ್ದಿನ ಪ್ರಮಾಣ, ವೇಗ ಎಲ್ಲವೂ ಕಾಡತೂಸಿನಲ್ಲಿ ಮೊದಲೇ ನಿಗದಿಯಾಗಿರುತ್ತವೆ. ಎದುರಾಳಿ ಯಾರೆಂದು ತಿಳಿಯುವ ಮೊದಲೇ, ಮನೆಯಲ್ಲಿ ತಣ್ಣಗೆ ಕುಳಿತು, ಎಷ್ಟು ಹಿಂಸೆ ಎಂಬುದನ್ನು ಆರಿಸಿಕೊಳ್ಳಬೇಕಾಗುತ್ತದೆ. ದೊಡ್ಡ ಬೋರಿನ ಹಗುರ ರಿವಾಲ್ವರಿನಲ್ಲಿ ಈ ಆಯ್ಕೆ ಹೆಚ್ಚು ಬಿಗಿಯಾದದ್ದು, ಏಕೆಂದರೆ ಅಲ್ಲಿ ತಪ್ಪು ಆಯ್ಕೆಯ ಪೆಟ್ಟು ಹಾರಿಸಿದವನ ಕೈಗೂ ಬೀಳುತ್ತದೆ.

.44 ಮ್ಯಾಗ್ನಮ್ ಕಾಡತೂಸಿನ ಗುಂಡು ಸಾಮಾನ್ಯವಾಗಿ 240 ಗ್ರೇನ್, ಅಂದರೆ ಸುಮಾರು 15.5 ಗ್ರಾಂ ತೂಗುತ್ತದೆ. ಇದನ್ನು ಹಾರಿಸುವ ಉಕ್ಕಿನ ರಿವಾಲ್ವರಿನ ತೂಕ 1.3 ಕಿಲೋ ಆಸುಪಾಸು. ಅದನ್ನೇ ಸ್ಕ್ಯಾಂಡಿಯಂ ಬೆರೆತ ಅಲ್ಯೂಮಿನಿಯಂ ಮತ್ತು ಟೈಟೇನಿಯಂನಲ್ಲಿ ಮಾಡಿದರೆ ಸುಮಾರು 700 ಗ್ರಾಂಗೆ ಇಳಿಯುತ್ತದೆ. ಸೊಂಟಕ್ಕೆ ಹಗುರವಾದದ್ದು ಅಂಗೈಗೆ ಭಾರವಾಗುತ್ತದೆ: ಗುಂಡು ಮುಂದಕ್ಕೆ ಒಯ್ಯುವ ಸಂವೇಗದಷ್ಟೇ ಆಯುಧವನ್ನು ಹಿಂದಕ್ಕೆ ತಳ್ಳುವುದರಿಂದ, ತೂಕ ಅರ್ಧವಾದರೆ ಹಿಂದೊದೆಯುವ ಶಕ್ತಿ ಇಮ್ಮಡಿಯಾಗುತ್ತದೆ. ಅದೇ ರಿವಾಲ್ವರಿಗೆ .44 ಸ್ಪೆಷಲ್ ಕಾಡತೂಸೂ ಕೂರುತ್ತದೆ. ಅದರ ಗುಂಡಿನ ತೂಕ ಹೆಚ್ಚುಕಡಿಮೆ ಅಷ್ಟೇ, ವೇಗ ಮಾತ್ರ ಸೆಕೆಂಡಿಗೆ 230 ಮೀಟರ್ ಸುತ್ತಮುತ್ತ. ಒದೆತ ಮ್ಯಾಗ್ನಮ್‌ನ ಮೂರನೇ ಒಂದು ಪಾಲಿನಷ್ಟು.

ಒದೆತ ಬರೀ ನೋವಿನ ಮಾತಲ್ಲ. ಮೊದಲ ಈಡಿಗೇ ಮೂತಿ ಮೇಲೆದ್ದರೆ ಎರಡನೆಯದು ಗುರಿಗೆ ತಡವಾಗಿ ಬರುತ್ತದೆ. ಅಭ್ಯಾಸಕ್ಕೆ ಹೋದವನು ನಾಲ್ಕು ಈಡಿಗೇ ಸಾಕೆಂದು ಎದ್ದು ಬರುತ್ತಾನೆ, ಟ್ರಿಗರ್ ಎಳೆಯುವಾಗ ಕೈ ತಾನಾಗಿ ಬೆದರುವ ಚಟವೂ ಅಂಟುತ್ತದೆ. ಇನ್ನೊಂದು ತೊಂದರೆ ಯಂತ್ರದ್ದು. ಆಯುಧ ರಭಸದಿಂದ ಹಿಂದಕ್ಕೆ ಜಿಗಿದಾಗ ಉರುಳೆಯಲ್ಲಿ ಇನ್ನೂ ಹಾರದೆ ಉಳಿದ ಕಾಡತೂಸುಗಳ ಕವಚವೂ ಜೊತೆಗೆ ಹಿಂದೆ ಸರಿಯುತ್ತದೆ. ಭಾರವಾದ ಗುಂಡು ಜಡತ್ವದಿಂದ ಅಲ್ಲೇ ನಿಂತು, ಕವಚದ ಬಾಯಿಯಿಂದ ಕೊಂಚ ಕೊಂಚವೇ ಹೊರಗೆ ಜಾರುತ್ತದೆ. ಅದರ ತುದಿ ಉರುಳೆಯಿಂದ ಹೊರಚಾಚಿದರೆ ಉರುಳೆ ತಿರುಗುವುದೇ ಇಲ್ಲ. ಉರುಳೆ ತುಂಬ ಕಾಡತೂಸು ಹಾಕಿ, ಒಂದನ್ನು ಬಿಟ್ಟು ಉಳಿದವನ್ನು ಹಾರಿಸಿ, ಉಳಿದ ಒಂದರ ಉದ್ದವನ್ನು ಅಳೆದು ನೋಡುವುದು ಇದಕ್ಕೆ ಇರುವ ಪರೀಕ್ಷೆ. ಹೀಗಾಗಿ ಹಗುರ ಆಯುಧಕ್ಕೆ ಮಧ್ಯಮ ವೇಗದ, ಬಾಯಿ ಬಿಗಿಯಾಗಿ ಮಡಚಿದ ಕಾಡತೂಸೇ ತಕ್ಕದ್ದೆಂಬುದು ಬಲ್ಲವರ ಸಾಮಾನ್ಯ ತೀರ್ಮಾನ.

ಈ ತೀರ್ಮಾನಕ್ಕೆ ಜೈನ ನೀತಿವಿಚಾರ ಬೇರೆ ದಾರಿಯಿಂದ ಬಂದು ತಲುಪುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹಿಂಸೆಯನ್ನು ವಿವರಿಸುವಾಗ ಪ್ರಾಣ ಹೋಯಿತೆಂಬುದನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರಮಾದದಿಂದ, ಎಚ್ಚರಗೇಡಿತನದಿಂದ ಪ್ರಾಣ ತೆಗೆಯುವುದು ಹಿಂಸೆ ಎನ್ನುತ್ತದೆ. ಕರ್ನಾಟಕದ ಪೂಜ್ಯಪಾದರು ಸರ್ವಾರ್ಥಸಿದ್ಧಿ ಟೀಕೆಯಲ್ಲಿ ಇದನ್ನು ಬಿಡಿಸುತ್ತಾರೆ: ನೆಲ ನೋಡಿ ಹೆಜ್ಜೆಯಿಡುವ ಮುನಿಯ ಕಾಲಡಿ ಹುಳು ಬಂದು ಸತ್ತರೆ ಕರ್ಮಬಂಧವಿಲ್ಲ, ಎಚ್ಚರ ತಪ್ಪಿದವನಿಗೆ ಹುಳು ಉಳಿದರೂ ಬಂಧವಿದೆ. ಈ ಅಳತೆಗೋಲನ್ನು ಕಾಡತೂಸಿಗೆ ಹಿಡಿದರೆ, ತನ್ನ ಕೈಗೆ ಬಗ್ಗದ ಈಡನ್ನು ತಿಳಿದೂ ತುಂಬಿಕೊಂಡವನು ಗುಂಡು ಹಾರುವ ಮೊದಲೇ ಪ್ರಮಾದದಲ್ಲಿದ್ದಾನೆ. ಗುರಿ ತಪ್ಪಿ ಯಾರಿಗೂ ತಾಗದೆ ಹೋದದ್ದು ಅವನ ಪುಣ್ಯವಲ್ಲ.

ಸೌಮ್ಯವಾದದ್ದೆಲ್ಲ ಒಳ್ಳೆಯದೆಂದೂ ಇದರಿಂದ ಹೇಳಲಾಗದು. ತೀರ ದುರ್ಬಲವಾದ ಈಡು ಒಂದರ ಬದಲು ಐದನ್ನು ಹಾರಿಸುವಂತೆ ಮಾಡಬಹುದು, ಐದಕ್ಕೂ ಹೊಣೆ ಒಬ್ಬನದೇ. ಆಯ್ಕೆ ಕಾಡತೂಸಿನ ಡಬ್ಬಿಯ ಮೇಲಿನ ಅಂಕಿಯಿಂದ ಆಗುವಂಥದ್ದಲ್ಲ, ಆ ಕೈ, ಆ ಆಯುಧ, ಆ ಅಭ್ಯಾಸ ಮೂರೂ ಸೇರಿ ಆಗಬೇಕಾದದ್ದು.

ಜೈನ ಶ್ರಾವಕಾಚಾರ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ: ಬೇಕೆಂದೇ ಮಾಡುವ ಸಂಕಲ್ಪೀ, ಅಡುಗೆ ಮನೆಗೆಲಸಗಳ ಆರಂಭೀ, ಕೃಷಿ ಕಸುಬುಗಳ ಉದ್ಯೋಗೀ, ಎದುರಿಸುವಾಗ ಆಗುವ ವಿರೋಧೀ. ಗೃಹಸ್ಥ ಮೊದಲನೆಯದನ್ನು ಪೂರ್ತಿ ಬಿಡಬೇಕು, ಉಳಿದವನ್ನು ಕಡಿಮೆ ಮಾಡುತ್ತ ಹೋಗಬೇಕು. ವಿರೋಧೀ ಹಿಂಸೆಗೆ ವಿನಾಯಿತಿ ಉಂಟೇ ಹೊರತು ಪ್ರಶಸ್ತಿಯಿಲ್ಲ.

ರೋಣ, ಗಜೇಂದ್ರಗಡ ಸೀಮೆಯ ನರೇಗಲ್ಲಿನಲ್ಲಿ ಈ ವಿನಾಯಿತಿಯ ಇಕ್ಕಟ್ಟು ಕಲ್ಲಿನಲ್ಲೇ ನಿಂತಿದೆ. ಗಂಗ ಅರಸ ಇಮ್ಮಡಿ ಬೂತುಗ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ತಕ್ಕೋಲಂ ಕಾಳಗದಲ್ಲಿ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ, ಆ ಕಾಳಗದ ಕಾಲ 949. ಅವನ ರಾಣಿ ಪದ್ಮಬ್ಬರಸಿ ನರೇಗಲ್ಲಿನಲ್ಲಿ ಬಸದಿ ಕಟ್ಟಿಸಿದಳು. ಅದರ ದಾನಶಾಲೆಗೆ ದತ್ತಿ ಬಿಟ್ಟ ಶಾಸನ 950ರದು. ಗಂಡನ ಕಾಳಗವನ್ನು ಹೆಂಡತಿಯ ದಾನ ತೊಳೆಯಿತೆಂದು ಓದುವುದು ಅವಸರವಾದೀತು. ಇಬ್ಬರೂ ಒಂದೇ ಧರ್ಮದ ಆಶ್ರಯದಲ್ಲಿದ್ದರು, ಆ ಧರ್ಮ ಎರಡನ್ನೂ ಬೇರೆ ಬೇರೆ ಲೆಕ್ಕದಲ್ಲಿ ಬರೆದಿಟ್ಟಿತು ಎಂಬುದು ಹೆಚ್ಚು ಸರಿ. ಇದೇ ನಾಡಿನ ವೀರಗಲ್ಲುಗಳ ಮಾತು ಬೇರೆ. ತುರು ಕಾಯುತ್ತ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ. ಅಲ್ಲಿ ಬಲಕ್ಕೆ ಮಿತಿ ಹಾಕಿದ್ದು ಎಚ್ಚರವಲ್ಲ, ಹೊಡೆಯಲು ಹೋದವನು ತನ್ನ ಪ್ರಾಣವನ್ನೂ ಪಣಕ್ಕಿಡಬೇಕಿದ್ದ ಸ್ಥಿತಿ. ಜೇಬಿನಲ್ಲಿ ಅಡಗುವ ರಿವಾಲ್ವರ್ ಆ ಮಿತಿಯನ್ನು ಬಹುಮಟ್ಟಿಗೆ ಅಳಿಸಿತು.

ಗುಂಡಿನ ಆಕಾರದ ಪ್ರಶ್ನೆ ಇನ್ನೂ ಜಟಿಲ. ಮನುಸ್ಮೃತಿಯ ಏಳನೆಯ ಅಧ್ಯಾಯ ಗುಪ್ತಾಯುಧ, ಕೊಕ್ಕೆಯುಳ್ಳ ಬಾಣ, ವಿಷ ಸವರಿದ ಬಾಣಗಳನ್ನು ಯುದ್ಧದಲ್ಲಿ ನಿಷೇಧಿಸುತ್ತದೆ. 1868ರ ಸೇಂಟ್ ಪೀಟರ್ಸ್‌ಬರ್ಗ್ ಘೋಷಣೆ 400 ಗ್ರಾಂಗಿಂತ ಕಡಿಮೆ ತೂಕದ ಸಿಡಿಯುವ ಗುಂಡುಗಳನ್ನೂ, 1899ರ ಹೇಗ್ ಘೋಷಣೆ ಮೈಯೊಳಗೆ ಅರಳುವ ಗುಂಡುಗಳನ್ನೂ ಯುದ್ಧದಿಂದ ಹೊರಗಿಟ್ಟವು. ಅರಳುವ ಗುಂಡಿಗೆ ಹೆಸರು ಬಂದದ್ದು ಕಲ್ಕತ್ತೆಯ ಬಳಿಯ ಡಮ್‌ಡಮ್ ಕಾರ್ಖಾನೆಯಿಂದ. ಹೇಗ್‌ನಲ್ಲಿ ಬ್ರಿಟನ್ನಿನ ಪ್ರತಿನಿಧಿ ಜಾನ್ ಆರ್ಡಾ ಅದರ ಪರ ವಾದಿಸಿದ್ದು, ನಾಗರಿಕನಲ್ಲದ ಎದುರಾಳಿ ಸಾಧಾರಣ ಗುಂಡಿಗೆ ನಿಲ್ಲುವುದಿಲ್ಲ ಎಂದು. ಮೈಬಣ್ಣ ನೋಡಿ ಬಲದ ಅಳತೆ ನಿರ್ಧರಿಸುವ ಈ ವಾದವನ್ನು ಬ್ರಿಟನ್ 1907ರಲ್ಲಿ ಕೈಬಿಟ್ಟು ಘೋಷಣೆಗೆ ಸೇರಿತು.

ವಿಚಿತ್ರವೆಂದರೆ, ಯುದ್ಧದಲ್ಲಿ ಕ್ರೂರವೆನಿಸಿದ ಅದೇ ಅರಳುವ ಗುಂಡನ್ನು ಹಲವು ದೇಶಗಳ ಪೊಲೀಸರು ಊರೊಳಗಿನ ಕೆಲಸಕ್ಕೆ ಆರಿಸಿಕೊಳ್ಳುತ್ತಾರೆ. ಗಟ್ಟಿ ಗುಂಡು ಒಬ್ಬನನ್ನು ದಾಟಿ ಹಿಂದಿರುವವನಿಗೂ ತಾಗಬಹುದು, ಅರಳಿದ್ದು ಮೊದಲನೆಯವನಲ್ಲೇ ನಿಲ್ಲುವ ಸಂಭವ ಹೆಚ್ಚು. ಹೇಗ್ ಗಾಯಗೊಂಡ ಸೈನಿಕನ ನೋವನ್ನು ಎಣಿಸಿತು, ಪೊಲೀಸ್ ಇಲಾಖೆ ದಾರಿಹೋಕನ ಪ್ರಾಣವನ್ನು ಎಣಿಸುತ್ತದೆ. ಎರಡರಲ್ಲಿ ಯಾವುದೂ ತಪ್ಪಲ್ಲ. ಆದರೆ ಸಣ್ಣ ನಳಿಗೆಯಿಂದ ನಿಧಾನವಾಗಿ ಹೊರಟ ಗುಂಡು ಅರಳದೆಯೂ ಹೋಗಬಹುದು ಎಂಬುದು ಈ ಲೆಕ್ಕಗಳ ಹೊರಗೆ ಉಳಿದುಬಿಡುತ್ತದೆ.

ಭಾರತದ ಕಾನೂನು ಅಳತೆಯನ್ನು ಒಪ್ಪುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಮಿನಂತೆ ರಕ್ಷಣೆಗೆ ಅಗತ್ಯವಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ. 44ನೇ ಕಲಮು ಮಾತ್ರ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಪ್ರಾಣಕ್ಕೇ ಸಂಚಕಾರ ಬಂದಾಗ, ನಿರಪರಾಧಿಗೆ ಅಪಾಯವಾಗುವ ಸಂಭವವಿದ್ದರೂ ಬೇರೆ ದಾರಿಯಿಲ್ಲದಿದ್ದರೆ ರಕ್ಷಣೆಯ ಹಕ್ಕು ಉಳಿಯುತ್ತದೆ. ಕಾನೂನು ಕ್ಷಮಿಸುವ ಈ ಜಾಗವನ್ನು ಜೈನ ವಿಚಾರ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆ ಸಂಭವವನ್ನು ಕಡಿಮೆ ಮಾಡುವ ಈಡನ್ನು ಮೊದಲೇ ಏಕೆ ಆರಿಸಲಿಲ್ಲ ಎಂದು ಅದು ಹಿಂದಕ್ಕೆ ಹೋಗಿ ಕೇಳುತ್ತದೆ.

ಆಯುಧ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ನರಗುಂದ ರಕ್ತದಲ್ಲಿ ಬೆಲೆ ತೆತ್ತಿದೆ. 1857ರ ನಿಶ್ಶಸ್ತ್ರೀಕರಣ ಕಾಯ್ದೆಯ ಬೆನ್ನಿಗೇ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಎದ್ದರು. ದತ್ತಕಕ್ಕೆ ಅನುಮತಿ ಸಿಗದ ನರಗುಂದದ ಅರಸ ಭಾಸ್ಕರರಾವ್ ಭಾವೆ 1858ರ ಮೇ ಕೊನೆಯಲ್ಲಿ ದಂಗೆ ಎದ್ದ. ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದ, ಜೂನ್ ಮೊದಲಲ್ಲಿ ಕೋಟೆ ಬಿತ್ತು, ಭಾಸ್ಕರರಾವ್‌ಗೆ ಬೆಳಗಾವಿಯಲ್ಲಿ ಗಲ್ಲಾಯಿತು. 1980ರ ಜುಲೈ 21ರಂದು ನರಗುಂದದಲ್ಲೇ ಕರದ ವಿರುದ್ಧ ನಿಂತ ರೈತರ ಮೇಲೆ ಗೋಲಿಬಾರ್ ನಡೆದಾಗ ಅಳತೆಯ ಪ್ರಶ್ನೆ ಸರ್ಕಾರದ ಕಡೆಗೇ ತಿರುಗಿತು. ಸ್ವರಕ್ಷಣೆಯ ತರ್ಕ ಅಲ್ಲಿಗೆ ಹೊಂದುವುದಿಲ್ಲ. ಗುಂಪಿನ ಮೇಲೆ ಹಾರಿಸುವವನಿಗೆ ತಾನು ಯಾರನ್ನು ತಡೆಯುತ್ತಿದ್ದೇನೆಂಬುದೇ ಗೊತ್ತಿರುವುದಿಲ್ಲ.

ರೋಣ, ಗಜೇಂದ್ರಗಡ, ನರಗುಂದಗಳ ಲೈಸೆನ್ಸುದಾರರಿಗೆ .44ರ ಚರ್ಚೆ ದೂರದ್ದು. ಸಾಮಾನ್ಯ ನಾಗರಿಕನಿಗೆ ಸಿಗುವ ರಿವಾಲ್ವರ್ ಬಹುತೇಕ .32ರದು, 2014ರಲ್ಲಿ ಕಾನ್ಪುರದ ಕಾರ್ಖಾನೆ ಹೊರತಂದ ‘ನಿರ್ಭೀಕ್’ ಕೂಡ ಅದೇ ಬೋರಿನ, ಸುಮಾರು 500 ಗ್ರಾಂ ತೂಕದ ಆಯುಧ. 1959ರ ಶಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ಕಾಯುವ ಮದ್ದುಗುಂಡಿನ ಕೋವಿಗೆ ಸಡಿಲವಾಗಿದೆ, ರಿವಾಲ್ವರಿಗೆ ತಕ್ಕ ಕಾರಣ ಕೇಳುತ್ತದೆ. ಎರಿ ಹೊಲದಲ್ಲಿ ಚಿಗರಿಯ ಹಿಂಡು ಕಡಲೆ ಮೇಯುವಾಗ ಆ ಕೋವಿಯೂ ಸದ್ದಿಗಷ್ಟೇ ಸಲ್ಲುತ್ತದೆ, ಏಕೆಂದರೆ ಚಿಗರಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ. ಶ್ರಾವಕವ್ರತಗಳಲ್ಲಿ ಆಯುಧವನ್ನು ಇನ್ನೊಬ್ಬರ ಕೈಗೆ ಕೊಡುವುದೂ ಅನರ್ಥದಂಡದಲ್ಲಿ, ಅಂದರೆ ನಿಷ್ಕಾರಣ ಹಿಂಸೆಯಲ್ಲಿ, ಸೇರಿದೆ. ಹಕ್ಕಿಲ್ಲದವನ ಕೈಗೆ ಬಂದೂಕನ್ನೋ ಕಾಡತೂಸನ್ನೋ ಕೊಡುವುದನ್ನು ಶಸ್ತ್ರ ಕಾಯ್ದೆಯ 29ನೇ ಕಲಮು ಅಪರಾಧವೆಂದೇ ಎಣಿಸುತ್ತದೆ.