ಕುಲಾವಿ ಹೊಲಿಸುವವರ ಪರವಾಗಿ

ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದರು ಎಂಬ ಗಾದೆ ನಮ್ಮಲ್ಲಿ ಬಳಕೆಯಾಗುವುದು ಬರೀ ಗೇಲಿಗೆ. ಪಾರ್ಟಿ ಟಿಕೆಟ್ ಕೈಗೆ ಬರುವ ಮೊದಲೇ ಮಂತ್ರಿ ಖಾತೆಯ ಲೆಕ್ಕ ಹಾಕುವವರನ್ನು ಕಂಡರೆ ಅದು ತಾನಾಗಿ ನಾಲಿಗೆಗೆ ಬರುತ್ತದೆ. ಆದರೆ ಈ ಗಾದೆ ಆಡುವ ಮನೆಗಳಲ್ಲೇ ಬಸುರಿಗೆ ದಿನ ತುಂಬುವ ಹೊತ್ತಿಗೆ ಏನು ನಡೆಯುತ್ತದೆ ನೋಡಿ. ಉಟ್ಟೂ ಉಟ್ಟೂ ಮೆತ್ತಗಾದ ಹಳೇ ಸೀರೆಯನ್ನು ಹರಿದು, ಬಿಸಿನೀರಲ್ಲಿ ಒಗೆದು, ಬಿಸಿಲಿಗೆ ಒಣಗಿಸಿ ಅಜ್ಜಿ ಮಡಿಸಿಟ್ಟಿರುತ್ತಾಳೆ. ಮಗುವಿಗೆ ಮುಂಚಿತವಾಗಿ ಹೊಸ ಬಟ್ಟೆ ತರಬಾರದು ಎನ್ನುವವಳೂ ಅವಳೇ! ಗಾದೆಗೆ ಸಿಟ್ಟಿರುವುದು ಮುಂಗಡ ಸಂಭ್ರಮದ ಮೇಲೆ; ಸಿದ್ಧತೆಯ ತಂಟೆಗೆ ಅದು ಹೋಗುವುದಿಲ್ಲ. ಮುಂಗಾರಿಗೆ ಮೊದಲೇ ಸಾಲ ಮಾಡಿ ಬೀಜ ತಂದಿಟ್ಟುಕೊಳ್ಳುವ ರೈತನನ್ನು ಯಾರೂ ಈ ಮಾತಿನಿಂದ ಚುಚ್ಚುವುದಿಲ್ಲ.

ಸಾರ್ವಜನಿಕ ಬದುಕಿನಲ್ಲಿ ಇಂಥ ಸಿದ್ಧತೆಗೆ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಕನ್ನಂಬಾಡಿ ಕಟ್ಟೆಗಿಂತ ದೊಡ್ಡ ಉದಾಹರಣೆ ನನಗೆ ತಿಳಿದಿಲ್ಲ. 1911ರಲ್ಲಿ ಕೆಲಸ ಶುರುವಾದಾಗ ಮದರಾಸು ಸರ್ಕಾರ ಒಪ್ಪಿದ್ದು 11 ಟಿಎಂಸಿ ನೀರು ನಿಲ್ಲುವಷ್ಟು ಎತ್ತರಕ್ಕೆ ಮಾತ್ರ. ಮೈಸೂರು ಬಯಸಿದ್ದು ಅದರ ಮೂರು ಪಟ್ಟಿಗೂ ಹೆಚ್ಚು. ವಿಶ್ವೇಶ್ವರಯ್ಯನವರ ಯೋಜನೆಯಂತೆ ತಳಪಾಯವನ್ನು ಮಾತ್ರ ದೊಡ್ಡ ಅಣೆಕಟ್ಟಿಗೇ ಹಾಕಲಾಯಿತು. ಒಪ್ಪಿಗೆ ಸಿಗದೇ ಹೋಗಿದ್ದರೆ ಅಷ್ಟು ಕಲ್ಲುಗಾರೆಯೂ ದುಡ್ಡೂ ದಂಡ. 1914ರ ಮಧ್ಯಸ್ಥಿಕೆ ತೀರ್ಪು, ಅದರ ಮೇಲಿನ ಮೇಲ್ಮನವಿ ಎಲ್ಲ ಮುಗಿದು ಎರಡೂ ಸರ್ಕಾರಗಳ ನಡುವೆ ಒಪ್ಪಂದವಾದದ್ದು 1924ರಲ್ಲಿ. ಹೀಗೆ ಸೋಲಿನ ಖರ್ಚನ್ನು ಮೊದಲೇ ಮೈಮೇಲೆ ಹಾಕಿಕೊಂಡು ಕೆಲಸ ಮಾಡುವುದನ್ನು ನಾನು ಭರವಸೆ ಎನ್ನುತ್ತೇನೆ.

ಹಾಗಾದರೆ ಚುನಾವಣೆ ಹತ್ತಿರವಾದಾಗ ನಡೆಯುವ ಗುದ್ದಲಿ ಪೂಜೆಗಳೂ ಭರವಸೆಯೇ ಎಂದು ಯಾರಾದರೂ ಕೇಳಬಹುದು. ಅಲ್ಲಿ ಹೂಳುವುದು ಒಂದು ಕಲ್ಲು, ತೆಗೆಸಿಕೊಳ್ಳುವುದು ನೂರು ಫೋಟೊ. ಕೆಲಸ ನಿಂತರೆ ಪೂಜೆ ಮಾಡಿದವರ ಗಂಟೇನೂ ಹೋಗುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಒಬ್ಬರ ಭರವಸೆಯ ಬೆಲೆಯನ್ನು ಇನ್ನೊಬ್ಬರು ತೆರಬೇಕಾಗುತ್ತದೆ. ಕನ್ನಂಬಾಡಿ ಊರೇ ನೀರಿನಡಿ ಹೋಯಿತು. ಕೆಳಗಿನ ತಂಜಾವೂರಿನ ಗದ್ದೆಗಳಿಗೆ ಅದೇ ಕಟ್ಟೆ ಆತಂಕವಾಗಿ ಕಂಡಿತು. ಈ ಆಕ್ಷೇಪ ನಿಜ, ಅದನ್ನು ತಳ್ಳಿಹಾಕಲಾರೆ. ಆದರೆ ಅದು ಹೇಳುವುದು ಸಿದ್ಧತೆ ಸಾಲದಾಯಿತು ಎಂದೇ ಹೊರತು ಹೆಚ್ಚಾಯಿತು ಎಂದಲ್ಲ. ನೀರು ತುಂಬುವ ವರ್ಷಕ್ಕೆ ತಳಪಾಯ ಹಾಕಿದವರೂ ಅವರ ನಂತರ ಬಂದವರೂ ಮಳೆ ಕೈಕೊಡುವ ವರ್ಷಕ್ಕೆ ಎರಡೂ ಕಡೆಯವರು ಒಪ್ಪುವ ಹಂಚಿಕೆಯನ್ನು ಕಟ್ಟಲಿಲ್ಲ. 2018ರಲ್ಲಿ ಕಾವೇರಿ ನೀರಿನ ಹಂಚಿಕೆಯ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂತು, ಅದನ್ನು ನೋಡಿಕೊಳ್ಳುವ ಪ್ರಾಧಿಕಾರವೂ ಬಂತು. ಆದರೂ 2023ರಲ್ಲಿ ಮುಂಗಾರು ಸೊರಗಿದಾಗ, ತಮಿಳುನಾಡಿಗೆ ನೀರು ಬಿಡುವುದನ್ನು ವಿರೋಧಿಸಿ ಸೆಪ್ಟೆಂಬರಿನಲ್ಲಿ ಒಂದೇ ವಾರದೊಳಗೆ ಬೆಂಗಳೂರು ಬಂದ್, ಕರ್ನಾಟಕ ಬಂದ್ ಎರಡೂ ನಡೆದವು; ಮಳೆ ಕೊರತೆಯ ವರ್ಷ ನೀರು ಹಂಚುವ ಸಂಕಷ್ಟ ಸೂತ್ರ ಎಲ್ಲಿ ಎಂಬ ಪ್ರಶ್ನೆ ಮತ್ತೆ ಎದ್ದಿತು. ಮಳೆ ಚೆನ್ನಾಗಿ ಬಿದ್ದ ಮರುವರ್ಷ, ಕಟ್ಟೆ ತುಂಬಿ ಬಾಗಿನ ಬಿಟ್ಟ ಮೇಲೆ, ಆ ಪ್ರಶ್ನೆಗಿದ್ದ ಅವಸರ ಯಾರಲ್ಲೂ ಉಳಿಯಲಿಲ್ಲ.