ಲೋಕಚಕ್ರವೂ ಮನುಷ್ಯನ ದಿನವೂ



ಸಂತೆಯಲ್ಲಿಯೂ ಜಗಲಿಯಲ್ಲಿಯೂ ನೆರೆಯವರು ನಮ್ಮವರನ್ನು ಕೇಳುವ ಪ್ರಶ್ನೆಯೊಂದುಂಟು. ಏನಂದರೆ: "ಲೋಕವು ಒಂದೇ ಸಾರಿ ಉಂಟಾಯಿತೆಂದು ನೀವು ಹೇಳುತ್ತೀರಿ. ಯುಗವು ಕಳೆದು ಯುಗವು ಬರುವದೆಂದು ನಮ್ಮ ಹಿರಿಯರು ಹೇಳಿದರು. ಈಗಿನ ಶಾಸ್ತ್ರಜ್ಞರೂ ಹಾಗೆಯೇ ಹೇಳುತ್ತಾರಂತಲ್ಲಾ?" ಈ ಪ್ರಶ್ನೆಗೆ ಸಿಟ್ಟಾಗಲೂ ಬಾರದು, ಹೆದರಲೂ ಬಾರದು, ಸಾವಧಾನದಿಂದ ವಿಚಾರಿಸತಕ್ಕದ್ದು.

ಚಕ್ರದ ಮತವು ಬಹು ಹಳೆಯದು. ಪುರಾಣಗಳ ಲೆಕ್ಕದಲ್ಲಿ ನಾಲ್ಕು ಯುಗಗಳು ಕೂಡಿ 43,20,000 ವರುಷಗಳು; ಅಂಥವು ಸಾವಿರವಾದರೆ ಬ್ರಹ್ಮನ ಒಂದು ಹಗಲು, ಅಂದರೆ 432 ಕೋಟಿ ವರುಷಗಳು. ಪೌಲನು ಅಥೇನೆಯಲ್ಲಿ ಸಂಧಿಸಿದ ಸ್ತೋಯಿಕರ ಮತದಲ್ಲಿಯೂ ಲೋಕವು ಬೆಂಕಿಯಿಂದ ಲಯವಾಗಿ ಮೊದಲಿನಂತೆಯೇ ತಿರಿಗಿ ಹುಟ್ಟುವದೆಂಬ ಬೋಧನೆಯಿತ್ತು.

ಶಾಸ್ತ್ರಜ್ಞರು ಹೇಳುವದೇನು? ವಿಶ್ವವು ಹಿಗ್ಗಬಹುದು, ಹಿಗ್ಗಿ ಕುಗ್ಗಲೂಬಹುದು ಎಂದು ರಶ್ಯದ ಫ್ರೀಡ್‌ಮನ್ನನು 1922ರಲ್ಲಿ ಗಣಿತದಿಂದ ತೋರಿಸಿದನು. ದೂರದ ನಕ್ಷತ್ರಸಮೂಹಗಳು ನಮ್ಮಿಂದ ಇನ್ನೂ ದೂರ ಸರಿಯುತ್ತವೆಂಬದಕ್ಕೆ ಅಮೇರಿಕದ ಹಬಲ್ಲನು 1929ರಲ್ಲಿ ಅಳತೆ ಕೊಟ್ಟನು. ಈ ಹಿಗ್ಗುವಿಕೆಗೆ ಸುಮಾರು 1380 ಕೋಟಿ ವರುಷಗಳಾದವು. ಹಾಗಾದರೆ ಮೇಲಕ್ಕೆಸೆದ ಕಲ್ಲು ಕೆಳಗೆ ಬೀಳುವಂತೆ ವಿಶ್ವವೂ ಒಂದು ದಿನ ಹಿಂದಕ್ಕೆ ಕುಸಿಯುವದೋ? ಇದನ್ನು ತಿಳಿಯಲು ಅದರ ಆಕಾರವನ್ನು ಅಳೆದರು. ಸಮವಾದ ಹೊಲದಲ್ಲಿ ತ್ರಿಕೋನವನ್ನೆಳೆದರೆ ಮೂರು ಕೋನಗಳು ಕೂಡಿ 180 ಡಿಗ್ರಿ. ಗೋಲದ ಮೇಲೆ ಎಳೆದರೆ ಹೆಚ್ಚಾಗುವದು. ಆದಿಕಾಲದ ಬೆಳಕಿನ ಶೇಷವು 1965ರಲ್ಲಿ ಸಿಕ್ಕಿತು. ಮುಂದೆ ಉಪಗ್ರಹಗಳಿಂದ ಅದನ್ನು ಅಳೆಯಲಾಗಿ, ವಿಶ್ವವು ನಮಗೆ ಕಾಣುವ ಮಟ್ಟಿಗೆ ಹೊಲದಂತೆ ಸಮವಾಗಿದೆಯೆಂದು ತೋರಿತು. ಹಿಗ್ಗುವಿಕೆಯು ಕುಂದದೆ ಹೆಚ್ಚುತ್ತಿದೆಯೆಂದು 1998ರಲ್ಲಿ ಕಂಡುಬಂತು. ಕಲ್ಲಿನಂತೆ ಹಿಂದಕ್ಕೆ ಬೀಳುವ ಗುರುತು ಕಾಣಲಿಲ್ಲ. ಆದರೂ 2002ರಲ್ಲಿ ಸ್ಟೈನ್‌ಹಾರ್ಟ್, ಟ್ಯುರೊಕ್ ಎಂಬವರೂ 2010ರಲ್ಲಿ ಪೆನ್‌ರೋಸನೂ ಚಕ್ರಕ್ಕೆ ಬೇರೆ ದಾರಿಗಳನ್ನು ತೋರಿಸಿದರು. ಅವು ಇನ್ನೂ ಸಿದ್ಧವಾಗಲಿಲ್ಲ, ಸುಳ್ಳೆಂದು ನಿರ್ಣಯವೂ ಆಗಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಲಕ್ಷ್ಯಕ್ಕೆ ತರಬೇಕು. ಗಾಣದ ಎತ್ತು ಸುತ್ತಿ ಸುತ್ತಿ ಹೊರಟ ಸ್ಥಳಕ್ಕೇ ಬರುತ್ತದೆ. ಆದರೆ ಎಣ್ಣೆಯೂ ಹಿಂಡಿಯೂ ಆದದ್ದು ತಿರಿಗಿ ಎಳ್ಳಾಗುತ್ತದೋ? ವಿಶ್ವವು ಸುತ್ತಿದರೂ ಶಾಖದ ನಿಯಮದ ಮೇರೆಗೆ ಒಂದು ಸುತ್ತು ಇನ್ನೊಂದರಂತೆ ಇರಲಾರದೆಂದು ಟೋಲ್‌ಮನ್ನನು 1934ರಲ್ಲಿ ವಿವರಿಸಿದನು. ಈಚಿನವರು ಆ ತೊಡಕನ್ನು ಬಿಡಿಸಲು ಯತ್ನಿಸಿದ್ದಾರೆ. ಆದರೆ ಹೋದ ಮನುಷ್ಯರೇ ಹೋದ ಹಾಗೆಯೇ ಬರುವರೆಂದು ಅವರೂ ಕಲಿಸುವದಿಲ್ಲ.

ಸಭೆಯ ಪುರಾತನ ಬೋಧಕನಾದ ಅಗಸ್ಟೀನನು ತನ್ನ 'ದೇವರ ಪಟ್ಟಣ'ವೆಂಬ ಗ್ರಂಥದಲ್ಲಿ ಇದೇ ಅಂಶವನ್ನು ಹಿಡಿದನು. ಎಲ್ಲವೂ ಹಾಗೆಯೇ ಮರಳುವದಾದರೆ ಪ್ಲೇಟೋ ಅದೇ ಶಾಲೆಯಲ್ಲಿ ಅದೇ ಶಿಷ್ಯರಿಗೆ ಲೆಕ್ಕವಿಲ್ಲದಷ್ಟು ಸಾರಿ ಕಲಿಸಬೇಕಾದೀತು. ಬಿಡುಗಡೆ ಹೊಂದಿದವನೂ ತಿರಿಗಿ ಸಂಕಟಕ್ಕೆ ಬೀಳಬೇಕಾದೀತು. ಕ್ರಿಸ್ತನಾದರೋ ಒಂದೇ ಸಾರಿ ಸತ್ತನೆಂಬದೇ ಅವನ ಉತ್ತರ.

ಹೀಗಿದ್ದರೂ ದೂರದರ್ಶಕಯಂತ್ರವನ್ನು ನಮ್ಮ ನಂಬಿಕೆಗೆ ಊರುಗೋಲಾಗಿ ಮಾಡಿಕೊಳ್ಳಬಾರದು. ವಿಶ್ವಕ್ಕೆ ಆರಂಭವುಂಟೆಂಬ ವಾದವನ್ನು ಹುಟ್ಟಿಸಿದ ಲೆಮೈತ್ರನು ತಾನೇ ಬೆಲ್ಜಿಯಮಿನ ಪಾದ್ರಿಯಾಗಿದ್ದನು. 1951ರಲ್ಲಿ ರೋಮಿನ ಪೋಪರು ಅಂಥ ಶಾಸ್ತ್ರವನ್ನು ಸೃಷ್ಟಿಗೆ ಸಾಕ್ಷಿಯಾಗಿ ಎತ್ತಿ ಹೇಳಿದಾಗ ಅವನು ಮೆಚ್ಚಲಿಲ್ಲ. ನಾಳೆ ಅಳತೆ ಬದಲಾದರೆ ನಂಬಿಕೆಯೂ ಬದಲಾಗಬೇಕೋ? ಆದದರಿಂದ ನೆರೆಯವರನ್ನು ಶಾಸ್ತ್ರದ ಬಲದಿಂದ ಹೀಯಾಳಿಸುವದು ನಮಗೆ ತಕ್ಕದ್ದಲ್ಲ.

ಪ್ರಿಯರೇ, ಚಕ್ರದ ಮತವನ್ನು ಬಾಯಿಂದ ಅಲ್ಲಗಳೆದು ನಡತೆಯಲ್ಲಿ ಹಿಡಿದುಕೊಂಡವರು ನಮ್ಮಲ್ಲಿಯೂ ಇದ್ದಾರೆ. ಬದುವಿನ ಜಗಳದಿಂದ ಅಣ್ಣನ ಸಂಗಡ ಮಾತು ಬಿಟ್ಟವನು, "ಬರುವ ಸುಗ್ಗಿಗೆ ನೋಡೋಣ" ಅನ್ನುತ್ತಾನೆ. ಮಗಳನ್ನು ಶಾಲೆಗೆ ಕಳುಹಿಸದವನು, "ಬರುವ ವರುಷವಿದೆಯಲ್ಲಾ" ಅನ್ನುತ್ತಾನೆ. ಆರಿದ್ರಾ ಮಳೆಯು ಬರುವ ವರುಷವೂ ಬಂದೀತು, ಸುಗ್ಗಿಯೂ ಬಂದೀತು. ಆದರೆ ಅಣ್ಣನು ಅಷ್ಟರ ವರೆಗೆ ಇರುವನೋ? ಮಗಳ ಏಳನೆಯ ವಯಸ್ಸು ಮರಳಿ ಬರುವದೋ? ವಿಶ್ವದ ಆಕಾರವನ್ನು ಪಂಡಿತರು ಅಳೆಯುತ್ತಿರಲಿ. ನಾವಾದರೋ ಈ ಸಾಯಂಕಾಲ ಅಣ್ಣನ ಮನೆಗೆ ಹೋಗೋಣ.