ತೊರಕೆಗೆ ಬಿಟ್ಟ ಬಾಣ

ತಿನ್ನುವುದಕ್ಕೆ ಕೊಲ್ಲುವುದು ಬೇರೆ, ಮೋಜಿಗೆ ಕೊಲ್ಲುವುದು ಬೇರೆ ಎಂದು ನಾವೆಲ್ಲ ಬಹಳ ಸುಲಭವಾಗಿ ಹೇಳಿಬಿಡುತ್ತೇವೆ. ಮೀನು ತಿನ್ನುವ ಮನೆಯಲ್ಲಿ ಹುಟ್ಟಿದ ನನ್ನಂಥವರಿಗಂತೂ ಈ ಮಾತು ದೊಡ್ಡ ಆಸರೆ. ಕುಂದಾಪುರದ ಕಡೆಯವಳು ನಾನು. ಮೂವತ್ತು ವರ್ಷದಿಂದ ಮಕ್ಕಳಿಗೆ ಕನ್ನಡ, ಸಮಾಜ ಹೇಳಿಕೊಡುತ್ತಿದ್ದೇನೆ. ಬೆಳಿಗ್ಗೆ ಅಹಿಂಸೆಯ ಪಾಠ ಮಾಡಿ ಮಧ್ಯಾಹ್ನ ಬಂಗುಡೆ ಸಾರು ಉಂಡರೂ ಮನಸ್ಸಿಗೆ ಮುಜುಗರವಾಗದಂತೆ ಕಾಪಾಡಿಕೊಂಡು ಬಂದದ್ದು ಆ ಒಂದು ಮಾತೇ. ಅದು ಎಷ್ಟು ಭಾರ ಹೊರುತ್ತದೆ ಎಂದು ಪರೀಕ್ಷಿಸುವ ಸಂದರ್ಭ ಬಂದದ್ದು ಮಾತ್ರ ನಮ್ಮೂರಲ್ಲಿ ಅಲ್ಲ, ಅಮೆರಿಕದಲ್ಲಿ.

ಎರಡು ವರ್ಷದ ಹಿಂದೆ ಬೇಸಿಗೆ ರಜೆಗೆ ಇನ್ನೊಂದಿಷ್ಟು ರಜೆ ಸೇರಿಸಿ ಮೇರಿಲ್ಯಾಂಡಿನ ಮಗಳ ಮನೆಗೆ ಹೋಗಿದ್ದೆ. ಜೂನ್ ತಿಂಗಳು. ಅಳಿಯನೂ ಅವರ ಆಫೀಸಿನ ಮೂವರು ಗೆಳೆಯರೂ ಅರ್ಧ ದಿನಕ್ಕೆ ದೋಣಿ ಗೊತ್ತು ಮಾಡಿ ಚೆಸಪೀಕ್ ಕೊಲ್ಲಿಗೆ ಹೊರಟರು. ಬಿಲ್ಲು ಬಾಣದಲ್ಲಿ ತೊರಕೆ ಹೊಡೆಯುವುದಂತೆ! ತೊರಕೆಯನ್ನು ಬಲೆಯಲ್ಲಿ ತರುವುದು ಕಂಡವಳು ನಾನು. ಬಾಣ ಬಿಡುವುದನ್ನು ಕೇಳಿದ್ದೇ ಇಲ್ಲ. ಮಗಳ ಜೊತೆ ನಾನೂ ಹೋಗಿ ದೋಣಿಯ ನೆರಳಿನ ಬದಿಯಲ್ಲಿ ಕುಳಿತೆ.

ಬಿಲ್ಲಿಗೆ ಒಂದು ರೀಲು, ರೀಲಿನಲ್ಲಿ ಗಟ್ಟಿ ದಾರ, ದಾರದ ಇನ್ನೊಂದು ಕೊನೆ ಬಾಣಕ್ಕೆ. ಬಾಣದ ತುದಿಯಲ್ಲಿ ಹಿಂದಕ್ಕೆ ಬಾಗಿದ ಮುಳ್ಳು. ಒಳಹೊಕ್ಕರೆ ಹಿಂದೆ ಬಾರದು. ದೋಣಿಯವನು, ಅವನನ್ನು ಕ್ಯಾಪ್ಟನ್ ಎನ್ನುತ್ತಾರೆ, ಎತ್ತರದಲ್ಲಿ ನಿಂತು ನೀರಿನಲ್ಲಿ ಕಂದು ನೆರಳು ಕಂಡಲ್ಲಿಗೆ ದೋಣಿ ತಿರುಗಿಸುತ್ತಾನೆ. ಅವನು ಮತ್ತೆ ಮತ್ತೆ ಹೇಳುತ್ತಿದ್ದ ಮಾತು ಒಂದೇ: ಮೀನು ಕಂಡ ಜಾಗಕ್ಕಲ್ಲ, ಅದಕ್ಕಿಂತ ಕೆಳಗೆ ಗುರಿಯಿಡಿ. ಬಟ್ಟಲ ನೀರಿನಲ್ಲಿ ನಾಣ್ಯ ಹಾಕಿ ಮಕ್ಕಳಿಗೆ ತೋರಿಸುವ ವಕ್ರೀಭವನದ ಪಾಠ ಇಲ್ಲಿ ಹೀಗೆ ಉಪಯೋಗಕ್ಕೆ ಬಂತು.

ಅಲ್ಲಿಯ ತೊರಕೆಗೆ ಕೌನೋಸ್ ರೇ ಎಂದು ಹೆಸರು. ಮೂತಿ ಹಸುವಿನ ಮೂತಿಯ ಹಾಗೆ. ಮೂರಡಿ ಅಗಲ ಬೆಳೆಯುತ್ತದೆ. ಬೇಸಿಗೆಯಲ್ಲಿ ಹಿಂಡುಹಿಂಡಾಗಿ ಕೊಲ್ಲಿಗೆ ಬರುತ್ತವೆ, ಮರಿ ಹಾಕುವುದಕ್ಕೆ. ಆ ದಿನ ಐದಾರು ಹೊಡೆದರು. ಗೆಳೆಯರಲ್ಲಿ ಒಬ್ಬಳು ಹುಡುಗಿ ಇದ್ದಳು, ಬಹಳ ಚೆನ್ನಾಗಿ ಬಿಲ್ಲು ಎಳೆಯುತ್ತಿದ್ದಳು. ಅವಳು ಹೊಡೆದ ತೊರಕೆಯನ್ನು ಮೇಲಕ್ಕೆ ಎಳೆದಾಗ ಹಲಗೆಯ ಮೇಲೆಯೇ ಅದು ಮರಿ ಹಾಕಿತು. ರೆಕ್ಕೆ ಎರಡೂ ಸುತ್ತಿಕೊಂಡು, ಮಡಿಚಿದ ವೀಳ್ಯದೆಲೆಯಂತಿತ್ತು ಮರಿ. ಕ್ಯಾಪ್ಟನ್ ಅದನ್ನೆತ್ತಿ ನೀರಿಗೆ ಹಾಕಿದ. ಹುಡುಗಿ ಬಿಲ್ಲು ಕೆಳಗಿಟ್ಟಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಉಳಿದವರು ಇನ್ನೆರಡು ಹೊಡೆದರು.

ಕ್ಯಾಪ್ಟನ್ ಸಮಾಧಾನ ಹೇಳಿದ: ಇವು ನಮ್ಮ ಆಯ್‌ಸ್ಟರ್ ಚಿಪ್ಪುಗಳನ್ನೆಲ್ಲ ತಿಂದು ಮುಗಿಸುತ್ತವೆ, ಹೊಡೆದರೆ ಕೊಲ್ಲಿಗೇ ಉಪಕಾರ. ಈ ಮಾತು ಅವನ ಸ್ವಂತದ್ದಲ್ಲ. 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬಂದಿತ್ತು: ದೊಡ್ಡ ಶಾರ್ಕ್‌ಗಳು ಕಡಿಮೆಯಾದ್ದರಿಂದ ಈ ತೊರಕೆಗಳು ಹೆಚ್ಚಿ, ನಾರ್ತ್ ಕೆರೊಲಿನಾದ ಸ್ಕ್ಯಾಲಪ್ ಚಿಪ್ಪಿನ ಕಸುಬೇ ನಿಂತಿತು ಎಂದು. ಕೊಲ್ಲಿ ಉಳಿಸಿ, ತೊರಕೆ ತಿನ್ನಿ ಎಂಬ ಪ್ರಚಾರವೂ ನಡೆಯಿತು. 2016ರಲ್ಲಿ ಬೇರೆ ವಿಜ್ಞಾನಿಗಳು ಅದೇ ಲೆಕ್ಕವನ್ನು ಬಿಡಿಸಿ ನೋಡಿ, ಆ ಸರಪಳಿಯ ಕೊಂಡಿಗಳು ಒಂದಕ್ಕೊಂದು ಕೂಡುವುದಿಲ್ಲ ಎಂದು ತೋರಿಸಿದರು. ಚೆಸಪೀಕಿನ ಆಯ್‌ಸ್ಟರ್ ಹಾಳಾದದ್ದು ಮನುಷ್ಯರ ಅತಿಯಾಸೆಯಿಂದ, ರೋಗದಿಂದ, ಕೊಳೆ ನೀರಿನಿಂದ. ಬಾಣ ಬಿಡುವ ಪಂದ್ಯಗಳ ಚಿತ್ರಗಳು ಹೊರಗೆ ಬಂದು ಗಲಾಟೆಯಾದ ಮೇಲೆ ಮೇರಿಲ್ಯಾಂಡ್ ಶಾಸನಸಭೆ 2017ರಲ್ಲಿ ಪಂದ್ಯಗಳನ್ನು ತಡೆಯಿತು, 2019ರಲ್ಲಿ ಆ ತಡೆಯನ್ನು ಮುಂದುವರಿಸಿತು. ತಡೆ ಪಂದ್ಯಕ್ಕೆ, ನಮ್ಮಂತೆ ದೋಣಿ ಗೊತ್ತು ಮಾಡಿ ಹೋಗುವವರಿಗಲ್ಲ.

ನನಗೆ ಮೋಜಿಗಿಂತ ಹೆಚ್ಚು ಕಸಿವಿಸಿ ಮಾಡಿದ್ದು ಈ ಉಪಕಾರದ ಮಾತು. ನನಗೆ ಇದರಲ್ಲಿ ಸಂತೋಷವಿದೆ ಎನ್ನುವವರ ಜೊತೆ ವಾದ ಮಾಡಬಹುದು. ಕೊಲ್ಲುವುದೇ ಸೇವೆ ಎಂದವರ ಜೊತೆ ಹೇಗೆ?

ಬಂದ ಮೀನನ್ನು ಎಸೆಯಲು ನಾನು ಬಿಡಲಿಲ್ಲ. ಎರಡು ತೊರಕೆಯ ರೆಕ್ಕೆ ಮನೆಗೆ ತಂದು, ಉಪ್ಪು ಹುಣಿಸೆ ತಿಕ್ಕಿ ನಾಲ್ಕು ಸಲ ತೊಳೆದು (ಇಲ್ಲದಿದ್ದರೆ ಅದರ ವಾಸನೆ ಹೋಗದು) ಊರಿಂದ ಒಯ್ದ ಮಸಾಲೆಯಲ್ಲಿ ಸಾರು ಮಾಡಿದೆ. ಈ ಕೊಲ್ಲಿಯಲ್ಲೇ 1608ರಲ್ಲಿ ಕ್ಯಾಪ್ಟನ್ ಜಾನ್ ಸ್ಮಿತ್ ಎಂಬ ಆಂಗ್ಲ ತನ್ನ ಕತ್ತಿಯಲ್ಲಿ ತೊರಕೆ ಚುಚ್ಚಲು ಹೋಗಿ ಕೈಗೆ ಅದರ ಮುಳ್ಳು ತಾಗಿಸಿಕೊಂಡನಂತೆ. ಸಾಯುತ್ತಾನೆಂದು ಜೊತೆಗಾರರು ಗುಂಡಿಯನ್ನೂ ತೋಡಿದ್ದರು. ಸಂಜೆಗೆ ಚೇತರಿಸಿಕೊಂಡು ಅದೇ ತೊರಕೆಯನ್ನು ಉಂಡ. ಆ ಜಾಗಕ್ಕೆ ಇಂದಿಗೂ ಸ್ಟಿಂಗ್‌ರೇ ಪಾಯಿಂಟ್ ಎಂದೇ ಹೆಸರು. ಮುಳ್ಳಿಗೂ ಕತ್ತಿಗೂ ಸರಿಸಮ ನಡೆದ ಆ ಜಗಳ ನನಗೆ ಅಷ್ಟು ಕೆಟ್ಟದ್ದಾಗಿ ಕಾಣುವುದಿಲ್ಲ.

ಊಟಕ್ಕೆ ಕುಳಿತಾಗ, ಬಸುರಿಯನ್ನು ಹೊಡೆದದ್ದು ನನಗೆ ಸರಿಕಾಣಲಿಲ್ಲ ಎಂದೆ. ಅಳಿಯ ಶಾಂತವಾಗಿಯೇ ಹೇಳಿದರು: "ಅತ್ತೆ, ನಿಮ್ಮೂರ ಟ್ರಾಲರ್ ಬಲೆ ಒಮ್ಮೆ ಎಳೆದರೆ ಬೇಕಾದ್ದು ಬೇಡದ್ದು ಎಲ್ಲ ಬರುತ್ತದೆ. ಸಣ್ಣ ಮರಿಗಳು ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತವೆ. ನಾವು ಒಂದೊಂದನ್ನೇ ಕಣ್ಣಲ್ಲಿ ನೋಡಿ ಹೊಡೆಯುತ್ತೇವೆ." ಮಗಳು ಇನ್ನೂ ಮುಂದೆ ಹೋದಳು. "ಅಮ್ಮ, ನೀನು ಇಷ್ಟು ವರ್ಷ ತಿಂದ ತೊರಕೆ ಬಸುರಿಯಲ್ಲ ಅಂತ ಯಾರು ನೋಡಿದ್ದಾರೆ?"

ನೋಡಿದವರಿದ್ದಾರೆ. ನನ್ನ ಅಮ್ಮ ತೊರಕೆ ಕೊಯ್ಯುವಾಗ ಹೊಟ್ಟೆಯಲ್ಲಿ ಮರಿ ಸಿಕ್ಕಿದ್ದುಂಟು. ಅಮ್ಮ ಏನೂ ಹೇಳದೆ ಅದನ್ನು ತೆಂಗಿನ ಬುಡದಲ್ಲಿ ಹುಗಿದು ಬಂದು ಮಸಾಲೆ ಅರೆಯುತ್ತಿದ್ದರು.

ಮಹಾಭಾರತದ ಧರ್ಮವ್ಯಾಧ ಮಾಂಸ ಮಾರುವವನು. ತಾನು ಕೊಲ್ಲುವುದಿಲ್ಲ, ಬೇರೆಯವರು ಕೊಂದದ್ದನ್ನು ಮಾರುತ್ತೇನೆ ಎನ್ನುತ್ತಾನೆ. ಆ ಮಾತನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಆದರೆ ದೋಣಿಯಲ್ಲಿ ಕುಳಿತು ಬಂದ ಮೇಲೆ ಅದರಲ್ಲಿ ನೆಮ್ಮದಿ ಕಾಣುತ್ತಿಲ್ಲ. ಬಾಣ ಬಿಟ್ಟ ಹುಡುಗಿಗೆ ತಾನೇನು ಮಾಡಿದೆನೆಂದು ಗೊತ್ತಾಯಿತು, ಬಿಲ್ಲು ಕೆಳಗಿಟ್ಟಳು. ಮಾರುಕಟ್ಟೆಯಲ್ಲಿ ತುಂಡು ಕೊಳ್ಳುವ ನನಗೆ ಕೆಳಗಿಡಲು ಏನಿದೆ?

ಪಾಂಡುವಿನ ಕಥೆ ಇದಕ್ಕಿಂತ ಹತ್ತಿರದ್ದು. ಜಿಂಕೆಯ ರೂಪದಲ್ಲಿ ಹೆಂಡತಿಯೊಡನಿದ್ದ ಕಿಂದಮ ಋಷಿಗೆ ಬಾಣ ಬಿಟ್ಟು ಶಾಪ ಪಡೆದವನು. ಸಾಯುತ್ತ ಋಷಿ, ನೀನು ಬೇಟೆಯಾಡಿದ್ದೇ ತಪ್ಪು ಎನ್ನುವುದಿಲ್ಲ. ರಾಜರು ಬೇಟೆಯಾಡುವುದುಂಟು ಎಂದು ಒಪ್ಪುತ್ತಾನೆ. ಅವನ ದೂರು, ಈ ಹೊತ್ತು ಮುಗಿಯುವವರೆಗೆ ನೀನು ಕಾಯಲಿಲ್ಲ ಎಂಬುದು. ಸತ್ತವನೇ ಕೊಟ್ಟ ತೀರ್ಪು ಇಷ್ಟು ನ್ಯಾಯವಾಗಿದೆಯಲ್ಲ ಎಂದು ನನಗೆ ಯಾವಾಗಲೂ ಆಶ್ಚರ್ಯ. ನಮ್ಮ ಕರಾವಳಿಯಲ್ಲಿ ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳನ್ನು ನಿಲ್ಲಿಸುವುದರ ಹಿಂದೆಯೂ ಇದೇ ನ್ಯಾಯವಿದೆ. ಅಳಿಯನಿಗೆ ಇದನ್ನು ವಿವರಿಸಿದೆ. ಅವರು ಒಪ್ಪಿದರು. "ಹಾಗಾದರೆ ಯಾವ ತಿಂಗಳು ಹೋಗಬಹುದು ಹೇಳಿ ಅತ್ತೆ" ಎಂದರು.

ಮಗಳು ಪುಸ್ತಕ ತೆಗೆದು ನೋಡಿದಳು. ಈ ತೊರಕೆಗೆ ಬಸಿರು ಸುಮಾರು ಹನ್ನೊಂದು ತಿಂಗಳು. ಏಳೆಂಟು ವರ್ಷ ಬೆಳೆದ ಮೇಲಷ್ಟೇ ಮೊದಲ ಮರಿ, ಆಮೇಲೂ ವರ್ಷಕ್ಕೆ ಒಂದೇ. ಬೇಸಿಗೆಯಲ್ಲಿ ಹೆತ್ತ ಸ್ವಲ್ಪ ದಿನಕ್ಕೇ ಮತ್ತೆ ಗರ್ಭ; ಚಳಿಗೆ ಮುಂಚೆ ಕೊಲ್ಲಿ ಬಿಟ್ಟು ಹೊರಡುವಾಗ ಮತ್ತೆ ಬಸುರಿ. ನಾನೂ ಮಗಳೂ ಮುಖ ನೋಡಿಕೊಂಡೆವು. ಕಿಂದಮ ಋಷಿ ಕಾಯಿ ಎಂದ. ಇವಳ ಪಂಚಾಂಗದಲ್ಲಿ ಕಾದು ಸಿಗುವ ತಿಂಗಳೇ ಇಲ್ಲ. ಗಂಡನ್ನಷ್ಟೇ ಹೊಡೆಯೋಣವೆಂದರೆ, ನೀರಿನ ಮೇಲಿನಿಂದ ಕಾಣುವುದು ಬೆನ್ನು. ಗಾಳದ ಮೀನನ್ನಾದರೂ ನೋಡಿ ಬಿಡಬಹುದು, ಬಾಣ ತಾಗಿದ್ದನ್ನು ಬಿಡುವಂತಿಲ್ಲ. ಅಳಿಯ ಮತ್ತೆ ಹೋದರೋ ಇಲ್ಲವೋ ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ಊರಿಗೆ ಬಂದ ಮೇಲೆ ಆಗಸ್ಟಿನಲ್ಲಿ ದೋಣಿಗಳು ಮತ್ತೆ ಕಡಲಿಗಿಳಿದವು. ಮಾರುಕಟ್ಟೆಯಲ್ಲಿ ನನಗೆ ಯಾವಾಗಲೂ ಮೀನು ಕೊಡುವಾಕೆ ತೊರಕೆಯ ದಪ್ಪ ತುಂಡೊಂದನ್ನು ಎತ್ತಿ ಹಿಡಿದಳು. ಹೆಣ್ಣೋ ಗಂಡೋ ಎಂದು ಕೇಳಿದೆ. ಆಕೆ ಪಕ್ಕದವಳ ಕಡೆ ನೋಡಿ ಜೋರಾಗಿ ನಕ್ಕಳು.

"ಕೊಯ್ದ ತುಂಡಿಗೆ ಹೆಣ್ಣೆಂತ, ಗಂಡೆಂತ, ಟೀಚರೆ?"

ಆ ದಿನ ಬಂಗುಡೆ ತಂದೆ.